ಕೆಟ್ಟ ದಿನದ ಅಳತೆಯ ತೊಟ್ಟಿ

ತಿಂಡಿ ತಿನ್ನುತ್ತಾ ಓದುವ ಅಭ್ಯಾಸ ಇರುವವರು ಮೊದಲು ತಟ್ಟೆ ಖಾಲಿ ಮಾಡಿ ಬನ್ನಿ. ನಾನು ಕಾಯುತ್ತೇನೆ.

ಆಯಿತಾ? ಸರಿ. ಕಳೆದ ಚಳಿಗಾಲದಲ್ಲಿ ನಾನೊಂದು ಕಕ್ಕಸಿನ ತೊಟ್ಟಿಯನ್ನು ಒಡೆದು ಹಾಕಿದೆ. ಸುತ್ತಿಗೆಯಿಂದಲ್ಲ. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಬಂದ ಫಿನಾಯಿಲ್ ಮತ್ತು ಐದು ಬಕೆಟ್ ಶುದ್ಧ ನೀರಿನಿಂದ.

ಹೇಗೆ ಅಂತ ಹೇಳುವ ಮೊದಲು ನನ್ನ ಗಂಡನ ಬಗ್ಗೆ ಒಂದು ವಿಷಯ ಹೇಳಬೇಕು. ನನ್ನ ಅಂಕಣ ಓದುವವರಿಗೆ ಪ್ರಸನ್ನ ಗೊತ್ತಿರುವವನೇ (ಇಲ್ಲಿ ಜಪಾನಿನಲ್ಲಿ ಬೀದಿಗೊಂದಿರುವ ಕೊಂಬಿನಿ ಅಂಗಡಿಯಲ್ಲಿ ಪ್ರತಿ ಪ್ಯಾಕೆಟ್ ತಿರುಗಿಸಿ ಮೀನು ಇದೆಯಾ ಅಂತ ಹುಡುಕುತ್ತಾ ನನ್ನನ್ನು ಅರ್ಧ ಗಂಟೆ ನಿಲ್ಲಿಸುವವನು). ಅವನಿಗೆ ನಾಲ್ಕು ವರ್ಷದಿಂದ ದೊಡ್ಡ ಕರುಳಿನ ಕಾಯಿಲೆ. ಔಷಧಿ ಇದೆ, ಒಳ್ಳೆಯ ಡಾಕ್ಟರ್ ಇದ್ದಾರೆ, ಜೀವಕ್ಕೆ ಅಪಾಯವಿಲ್ಲ. ಆದರೆ ಹೊಟ್ಟೆ ಕರೆದರೆ ಎರಡು ನಿಮಿಷದೊಳಗೆ ಟಾಯ್ಲೆಟ್ ಸಿಗಬೇಕು.

ಎಡೋಗಾವಾದ ನಮ್ಮ ಮನೆಯಿಂದ ಅವನ ಆಫೀಸಿನವರೆಗೆ ಯಾವ ಸ್ಟೇಷನ್ನಿನಲ್ಲಿ ಟಾಯ್ಲೆಟ್ ಎಲ್ಲಿದೆ, ಅಲ್ಲಿಗೆ ಎಷ್ಟು ಮೆಟ್ಟಿಲು, ಯಾವಾಗ ಕ್ಯೂ ಇರುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ದೂರ ಹೋಗಬೇಕಾದ ದಿನ ಬೆಳಗ್ಗೆಯಿಂದ ಏನೂ ತಿನ್ನುವುದಿಲ್ಲ. ಆಫೀಸಿನವರು ಊಟಕ್ಕೆ ಕರೆದರೆ ಉಪವಾಸ ಅನ್ನುತ್ತಾನೆ. ಏಕಾದಶಿ, ಸಂಕಷ್ಟಿ, ಶನಿವಾರ, ಸೋಮವಾರ... ಪಂಚಾಂಗದಲ್ಲಿ ಇಲ್ಲದ ಏಕಾದಶಿಗಳೂ ಬಂದು ಹೋಗಿವೆ. ಅವನ ಜಪಾನಿ ಟೀಮಿನಲ್ಲಿ ಇವನು ಮಹಾ ದೈವಭಕ್ತ ಅಂತ ಹೆಸರು. (ಮನೆಯಲ್ಲಿ ದೀಪ ಹಚ್ಚು ಅಂತ ನಾನು ಮೂರು ಸಲ ಕೂಗಬೇಕು.)

ಇದರಲ್ಲಿ ನಷ್ಟವಾಗಿದ್ದು ನಮ್ಮ ಮಗಳು ಇಂಚರಳಿಗೆ. ಹನ್ನೊಂದು ವರ್ಷ. ನಮ್ಮ ಅಪಾರ್ಟ್‌ಮೆಂಟಿನ ನಾಲ್ಕೈದು ಕನ್ನಡ ಕುಟುಂಬಗಳು ಪ್ರತಿವರ್ಷ ಮೇ ರಜೆಯಲ್ಲಿ ಯಮನಾಶಿಯ ಒಂದು ಕೆರೆ ಪಕ್ಕ ಕ್ಯಾಂಪಿಂಗ್ ಹೋಗುತ್ತವೆ. ಟೆಂಟ್ ಹಾಕುವುದು, ಅಡುಗೆ ಮಾಡುವುದು ಎಲ್ಲ ಅಪ್ಪ ಮತ್ತು ಮಕ್ಕಳ ಕೆಲಸ. ಅಮ್ಮಂದಿರು ಕುರ್ಚಿ ಹಾಕಿಕೊಂಡು ಕೂತು ತಪ್ಪು ಹುಡುಕುವುದು ಸಂಪ್ರದಾಯ. ಅಲ್ಲಿಯ ಟಾಯ್ಲೆಟ್ ಟೆಂಟಿನಿಂದ ಏಳು ನಿಮಿಷದ ನಡಿಗೆ. ಮೂರು ವರ್ಷದಿಂದ ಇಂಚರಳ ಟೆಂಟನ್ನು ಪಕ್ಕದ ಮನೆಯವರು ಹಾಕಿಕೊಡುತ್ತಿದ್ದರು. ಕೇಳಿದವರಿಗೆಲ್ಲ ಅವಳು "ಡ್ಯಾಡಿ ಬಿಝಿ" ಅನ್ನುತ್ತಿದ್ದಳು.

ಹೀಗಿರುವಾಗ ಪ್ರಸನ್ನನ ಹಳೆಯ ಸಹೋದ್ಯೋಗಿ ಒಕುದಾ-ಸಾನ್ (ಸಾನ್ ಅಂದರೆ ನಮ್ಮ 'ಅವರು' ಇದ್ದ ಹಾಗೆ) ರಿಟೈರ್ ಆಗಿ ನಾಗಾನೋದ ಬೆಟ್ಟದ ಕಡೆ ಮನೆ ಮಾಡಿದರು. ಆಫೀಸಿನಲ್ಲಿ ಪ್ರಸನ್ನನ ಓಡಾಟ ಗಮನಿಸಿದ್ದರೇನೋ, ಆದರೆ ಏನನ್ನೂ ಕೇಳಲಿಲ್ಲ. ಹೋಗುವ ಮುಂಚೆ ಒಂದೇ ಮಾತು ಹೇಳಿದರು: "ನನ್ನ ಹತ್ತಿರ ಒಂದು ಹಳೆಯ ಟ್ರೈಲರ್ ಇದೆ. ಯಾವಾಗ ಬೇಕಾದರೂ ತೊಗೊಳ್ಳಿ. ಅದರೊಳಗೆ ಟಾಯ್ಲೆಟ್ ಇದೆ."

ಟ್ರೈಲರ್ ಅಂದರೆ ವ್ಯಾನಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ. ಯಾವ ಕಾಲದಲ್ಲೋ ಅಮೆರಿಕಾದಿಂದ ಬಂದಿದ್ದು, ನೋಡೋಕೆ ಮೊಟ್ಟೆ ತರಹ. ಒಳಗೆ ಒಂದು ಮಂಚ, ಎರಡು ಒಲೆ, ಬೀರು ಬಾಗಿಲಿನಷ್ಟೇ ಅಗಲದ ಬಾಗಿಲು ತೆಗೆದರೆ ಟಾಯ್ಲೆಟ್. ಅದರ ಕೆಳಗೆ ಎಲ್ಲವೂ ಹೋಗಿ ಸೇರುವ ಪ್ಲಾಸ್ಟಿಕ್ ತೊಟ್ಟಿ. ವಾಪಸ್ ಬಂದ ಮೇಲೆ ಒಕುದಾ-ಸಾನ್ ಮನೆಯ ಒಳಚರಂಡಿಗೆ ಪೈಪ್ ಹಾಕಿ ಖಾಲಿ ಮಾಡಬೇಕು. ಇಷ್ಟೇ ವ್ಯವಸ್ಥೆ.

ನವೆಂಬರಿನಲ್ಲಿ ಎರಡು ದಿನ ಹೋಗಿ ಬಂದೆವು. ಒಕುದಾ-ಸಾನ್ ಮನೆಯಿಂದ ಟ್ರೈಲರ್ ಕಟ್ಟಿಕೊಂಡು ಹೊರಡುವ ದಿನ ಬೆಳಗ್ಗೆ, ಅದರ ಒಲೆಯ ಮೇಲೇ ಹುಯ್ದ ಮೂರು ದೋಸೆಯನ್ನು ಪ್ರಸನ್ನ ತಿಂದ. ಪ್ರಯಾಣದ ದಿನ! ನಾನು ನಾಲ್ಕನೆಯದನ್ನು ಹುಯ್ಯುತ್ತಾ ಕಣ್ಣು ಒರೆಸಿಕೊಂಡೆ. ಅಂದೇ ಇಂಚರ ಮೇ ತಿಂಗಳ ಕ್ಯಾಂಪಿನ ಪಟ್ಟಿಯಲ್ಲಿ ಅಪ್ಪನ ಹೆಸರು ಬರೆದಳು.

ಈಗ ಫಿನಾಯಿಲ್ ವಿಷಯ. ಚಳಿಗಾಲಕ್ಕೆ ಮುಂಚೆ ಎಲ್ಲ ನೀರನ್ನೂ ಖಾಲಿ ಮಾಡಬೇಕು ಅಂತ ಒಕುದಾ-ಸಾನ್ ಒಂದು ಹಾಳೆ ಬರೆದುಕೊಟ್ಟಿದ್ದರು. ಪ್ರಸನ್ನ ಹಾಗೇ ಮಾಡಿದ. ಖಾಲಿ ಮಾಡಿ ಕೈ ತೊಳೆಯೋಕೆ ಹೋದ. ನಾನು ಒಳಗೆ ಬಗ್ಗಿ ನೋಡಿದೆ. ಇದನ್ನು ಹೀಗೇ ಬಿಟ್ಟು ಹೋಗೋದಾ? ನಾಲ್ಕು ತಿಂಗಳು? ನಮ್ಮಲ್ಲಿ ಊರಿಗೆ ಹೋಗುವಾಗ ಬಚ್ಚಲು ತೊಳೆದು, ವಾಸನೆ ಬರದಂತೆ ನೀರು ನಿಲ್ಲಿಸಿ ಬಾಗಿಲು ಹಾಕುತ್ತೇವೆ ತಾನೇ? ಐದು ಬಕೆಟ್ ನೀರು ಸುರಿದೆ. ಮೇಲೆ ಎರಡು ಮುಚ್ಚಳ ಫಿನಾಯಿಲ್. ಘಮ್ ಅಂತು. ನೆಮ್ಮದಿಯಿಂದ ಮುಚ್ಚಳ ಮುಚ್ಚಿದೆ.

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಐಸ್ ಅಂದರೆ ನನಗೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇರುವ ವಸ್ತು. ನೀರು ಹೊರಗಡೆ ತಾನಾಗೇ ಗಟ್ಟಿಯಾಗಿ, ಉಬ್ಬಿ, ತೊಟ್ಟಿಯನ್ನೇ ಸೀಳುತ್ತದೆ ಅಂತ ಶಾಲೆಯಲ್ಲಿ ಓದಿದ್ದೆ. ಪಾಸೂ ಆಗಿದ್ದೆ.

ಮಾರ್ಚ್ ಕೊನೆಯಲ್ಲಿ ಹೋಗಿ ನೋಡಿದರೆ ಟ್ರೈಲರಿನ ಕೆಳಗೆ ಹಿಮ ಕರಗಿದ ಜಾಗದಲ್ಲಿ ಫಿನಾಯಿಲ್ ವಾಸನೆ. ತೊಟ್ಟಿ ಬುಡದಿಂದ ನೆತ್ತಿಯವರೆಗೆ ಬಿರುಕು ಬಿಟ್ಟಿತ್ತು. ನಾನು ತಪ್ಪೊಪ್ಪಿಕೊಂಡೆ. ಒಕುದಾ-ಸಾನ್ ಕುಕ್ಕರಗಾಲಿನಲ್ಲಿ ಕೂತು ನೋಡಿ, ಎದ್ದು, "ಸುಮಿಮಾಸೆನ್, ಕ್ಷಮಿಸಿ, ನಾನು ಇನ್ನೂ ಸ್ಪಷ್ಟವಾಗಿ ಬರೆಯಬೇಕಿತ್ತು" ಅಂತ ನನಗೇ ತಲೆ ಬಾಗಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಪರ್ವಾಗಿಲ್ಲ ಬಿಡೇ," ಅಂದ ಪ್ರಸನ್ನ. "ಕ್ಯಾಂಪಿಗೆ ನೀವಿಬ್ರೂ ಹೋಗ್ಬನ್ನಿ. ನಂಗೂ ಆ ವೀಕ್ ಆಫೀಸ್ ಕೆಲ್ಸ ಇದೆ."

ಆಫೀಸ್ ಇರಲಿಲ್ಲ. ರಜೆ. ಇಂಚರ ಮೊಬೈಲ್ ತೆಗೆದು ಪಟ್ಟಿಯನ್ನು ನೋಡಿದಳು, ಅಪ್ಪನ ಹೆಸರನ್ನು ಅಳಿಸಲಿಲ್ಲ, ಹಾಗೇ ಜೇಬಿಗೆ ಹಾಕಿಕೊಂಡಳು. ಅವತ್ತು ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಬರೆಯುವ ಶಕ್ತಿ ನನಗಿಲ್ಲ.

ಬೆಟ್ಟದ ಕೆಳಗಿನ ಪೇಟೆಯಲ್ಲಿ ಹೊಸಾಕಾ-ಸಾನ್ ಅಂತ ಒಬ್ಬರಿದ್ದಾರೆ, ಪ್ಲಾಸ್ಟಿಕ್ ತೊಟ್ಟಿ ಮಾಡುವವರು, ಅವರನ್ನು ಕೇಳೋಣ ಅಂದರು ಒಕುದಾ-ಸಾನ್. ಟ್ರೈಲರನ್ನು ಎಳೆದುಕೊಂಡು ಅಲ್ಲಿಗೆ ಹೋದೆವು.

ಹೊಸಾಕಾ-ಸಾನ್‌ಗೆ ಎಪ್ಪತ್ತು ದಾಟಿರಬಹುದು. ಇಸ್ತ್ರಿ ಮಾಡಿದ ಬೂದು ಬಣ್ಣದ ಯೂನಿಫಾರ್ಮ್, ಕುತ್ತಿಗೆಗೆ ಬಿಳಿ ಟವೆಲ್. ಶೆಡ್ಡಿನಲ್ಲಿ ಎರಡು ತೊಟ್ಟಿ ಸಾಲಾಗಿ ಇದ್ದವು. ಒಂದು ಉಪ್ಪಿನಕಾಯಿ ಹಾಕುವವರದ್ದು. ಒಂದು ತೋಫು ಅಂಗಡಿಯದ್ದು. ಬಿಚ್ಚಿದ ನಮ್ಮ ತೊಟ್ಟಿಯನ್ನು ಹೊರಗೆ ತಿಕ್ಕಿ ತೊಳೆದು ತಂದು, ಅದೇ ಸಾಲಿನಲ್ಲಿ ಇಟ್ಟರು. ನನ್ನೊಳಗಿನ ಅಜ್ಜಿ ಕಿರುಚಿದಳು. ಉಪ್ಪಿನಕಾಯಿ ಪಕ್ಕದಲ್ಲಾ?

ಅವರು ತೊಟ್ಟಿಯ ಅಂಚಿನಿಂದ ಉಗುರಿನಷ್ಟು ಚೂರು ಹೆರೆದು, ಬೆಂಕಿಗೆ ಹಿಡಿದು, ಹೊಗೆಯನ್ನು ಮೂಸಿದರು. ಯಾವ ಪ್ಲಾಸ್ಟಿಕ್ ಅಂತ ಗೊತ್ತಾಗೋದು ಹೀಗಂತೆ. ಆಮೇಲೆ ಬಿರುಕಿನ ಉದ್ದಕ್ಕೂ ಬರಿ ಬೆರಳು ಆಡಿಸಿದರು. ಡಾಕ್ಟರ್ ಹೊಟ್ಟೆ ಒತ್ತಿ ನೋಡುವ ಹಾಗೆ, ಅಷ್ಟೇ ನಿಧಾನ. ಹೊಲಿಗೆ ಹಾಕಿದರೆ ನಿಲ್ಲಲ್ಲ, ತೊಟ್ಟಿಗೆ ವಯಸ್ಸಾಗಿದೆ, ಹೊಸದು ಮಾಡುತ್ತೇನೆ ಅಂದರು. ಜೇಬಿನಿಂದ ನೋಟ್‌ಬುಕ್ ತೆಗೆದರು.

ಅವರ ಮಾತು ಬೆಟ್ಟದ ಸೀಮೆಯ ಜಪಾನಿ. ಪ್ರಸನ್ನನ ಆಫೀಸ್ ಜಪಾನಿ ಅಲ್ಲಿ ನಡೆಯಲಿಲ್ಲ. (ನನ್ನದು ತರಕಾರಿ ಅಂಗಡಿಯ ಜಪಾನಿ, ಅದರ ಮಾತು ಬಿಡಿ.) ಹಾಗಾಗಿ ಇಲ್ಲೇ ಬೆಳೆದ ಇಂಚರ ದುಭಾಷಿಯಾಗಿ ನಡುವೆ ನಿಂತಳು. ಎಷ್ಟು ಜನ ಹೋಗ್ತೀರಿ? ಮೂರು. ಎಷ್ಟು ದಿನ? ನಾಲ್ಕು. ಪೇಪರ್ರಾ, ನೀರಾ? ನೀರು. ಹೊಸಾಕಾ-ಸಾನ್ ಬರೆದುಕೊಂಡರು.

ಮುಂದಿನ ಪ್ರಶ್ನೆಗೆ ಇಂಚರ ಅಪ್ಪನ ಕಡೆ ತಿರುಗಿದಳು.

"ಡ್ಯಾಡಿ, ಹೊಸಾಕಾ-ಸಾನ್ ಕೇಳ್ತಿದಾರೆ... ಒನ್ ಡೇಗೆ ಎಷ್ಟು ಟೈಮ್ಸ್? ಈಚ್ ಪರ್ಸನ್."

ಹತ್ತು ವರ್ಷದಿಂದ ಈ ದೇಶದಲ್ಲಿ ಇದ್ದೇನೆ. ಇಲ್ಲಿ ಯಾರೂ ಇನ್ನೊಬ್ಬರಿಗೆ ಇರಿಸುಮುರಿಸಾಗುವ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. ಹೊಸಾಕಾ-ಸಾನ್ ಕೇಳಿಬಿಟ್ಟಿದ್ದರು, ಕಿಟಕಿಗೆ ಎಷ್ಟಡಿ ಪರದೆ ಬೇಕು ಅಂತ ಕೇಳಿದಷ್ಟೇ ಸಲೀಸಾಗಿ. ಪೆನ್ನು ಹಾಳೆಯ ಮೇಲಿತ್ತು. ಕಾಯುತ್ತಿದ್ದರು.

ನಂದು, ಇಂಚರಳದ್ದು ಹೇಳಿ ಮುಗಿಸಿದೆ. ಪ್ರಸನ್ನ ನೆಲ ನೋಡುತ್ತಿದ್ದ. ಏನಾದರೂ ಒಂದು ಹೇಳಿ ತಪ್ಪಿಸೋಣ ಅಂತ ನಾನು ಬಾಯಿ ತೆಗೆಯುವಷ್ಟರಲ್ಲಿ ಅವನೇ ಹೇಳಿದ.

"ನಾರ್ಮಲ್ ಡೇ ಆದ್ರೆ ಏಳೆಂಟು. ಕೆಟ್ಟ ದಿನ ಹನ್ನೆರಡು. ಒಂದೊಂದ್ಸಲ ಇನ್ನೂ ಜಾಸ್ತಿ."

ಹನ್ನೆರಡು.

ನಾವು ಮದುವೆಯಾಗಿ ಹದಿನಾಲ್ಕು ವರ್ಷ. ಔಷಧಿಯ ಹೆಸರು, ಅದನ್ನು ನುಂಗುವ ಹೊತ್ತು, ಡಾಕ್ಟರ್ ಅಪಾಯಿಂಟ್‌ಮೆಂಟ್, ಎಲ್ಲ ನನಗೆ ಗೊತ್ತು. ಈ ನಂಬರ್ ಗೊತ್ತಿರಲಿಲ್ಲ. ನಾಲ್ಕೋ ಐದೋ ಇರಬಹುದು ಅಂದುಕೊಂಡಿದ್ದೆ. ಬಾಗಿಲು ಹಾಕಿದ ಸದ್ದು ಕೇಳಿದರೆ ಮಿಕ್ಸಿ ಆನ್ ಮಾಡುವುದು, ಟೀವಿ ಜೋರು ಮಾಡುವುದು, ಇದೇ ನನ್ನ ಪ್ರಕಾರ ಪ್ರೀತಿಯಾಗಿತ್ತು. ಅವನಿಗೆ ಮುಜುಗರ ಆಗಬಾರದಲ್ಲ.

ಇಂಚರ ಅಪ್ಪನ ಮುಖವನ್ನೇ ನೋಡಿದಳು. ಆಮೇಲೆ ಹೊಸಾಕಾ-ಸಾನ್ ಕಡೆ ತಿರುಗಿ, ಶಾಲೆಯಲ್ಲಿ ಉತ್ತರ ಹೇಳುವ ದನಿಯಲ್ಲಿ ಸ್ಪಷ್ಟವಾಗಿ ಅಂದಳು: "ಜೂನಿ-ಕಾಯ್." ಹನ್ನೆರಡು ಸಲ.

ಹೊಸಾಕಾ-ಸಾನ್ ತಲೆ ಎತ್ತಲಿಲ್ಲ. ಅಯ್ಯೋ ಅನ್ನಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. ಹನ್ನೆರಡು ಅಂತ ಬರೆದು, ಅದರ ಪಕ್ಕ ನಾಲ್ಕು ದಿನ ಅಂತ ಬರೆದು, ಗುಣಿಸಿ, ಪೆನ್ನಿನ ತುದಿಯಿಂದ ಗಲ್ಲ ಕೆರೆದುಕೊಂಡರು.

"ಹಾಗಾದ್ರೆ ಹಳೇ ಸೈಜ್ ಸಾಕಾಗಲ್ವಂತೆ," ಇಂಚರ ಹೇಳುತ್ತಾ ಹೋದಳು. "ನಾಲ್ಕೂ ದಿನ ಕೆಟ್ಟ ದಿನಾನೇ ಅಂತ ತಿಳ್ಕೊಂಡು ಮಾಡ್ತಾರಂತೆ. ಗುಡ್ ಡೇಸ್‌ಗೆ ಯಾವ್ ಟ್ಯಾಂಕ್ ಆದ್ರೂ ಓಕೆ ಅಂತೆ."

ಪ್ರಸನ್ನ ನಕ್ಕ. ತುಂಬ ದಿನದ ಮೇಲೆ ಹೊಟ್ಟೆಯ ವಿಷಯಕ್ಕೆ ನಕ್ಕ.

ಮೂರು ವಾರ ಬಿಟ್ಟು ಮತ್ತೆ ಹೋದೆವು. ಹೊಸ ತೊಟ್ಟಿ ಹಾಲಿನ ಬಣ್ಣದ್ದು. ಮಂಚದ ಕೆಳಗೆ ವ್ಯರ್ಥವಾಗಿದ್ದ ಜಾಗಕ್ಕೂ ಕೈ ಚಾಚುವ ಹಾಗೆ ಎಲ್ ಆಕಾರದಲ್ಲಿ ಮಾಡಿದ್ದರು. ವ್ಯಾನ್ ತಿರುವಿನಲ್ಲಿ ತಿರುಗುವಾಗ ಒಳಗಿನದು ಒಂದೇ ಕಡೆ ನುಗ್ಗಿ ಕುಲುಕದಂತೆ ನಡುವೆ ಎರಡು ತಡೆ. ಬೆಸುಗೆ ಹಾಕಿದ ಕಡೆ ಬೆರಳಿಟ್ಟು ನೋಡಿ ಅಂದರು. ಇಟ್ಟೆ. ನನ್ನಮ್ಮ ರವಿಕೆಗೆ ಹಾಕುತ್ತಿದ್ದ ಕೈಹೊಲಿಗೆಯಂತೆ ಒಂದೇ ಸಮ. ಯಾರೂ ಎಂದೂ ನೋಡದ, ನೋಡಲು ಬಯಸದ ಜಾಗದಲ್ಲಿ ಇಷ್ಟು ಅಂದ ಯಾಕೆ? ನಾನು ದಂಗಾಗಿ ನಿಂತಿದ್ದೆ.

ಟ್ರೈಲರಿನ ಕೆಳಗೆ ಹೋಗುವ ಮುನ್ನ ಹೊಸಾಕಾ-ಸಾನ್ ಪ್ರಸನ್ನನನ್ನೂ ಕರೆದರು. ಬಳಸುವವರಿಗೆ ಗೊತ್ತಿರಬೇಕಂತೆ. ಇಬ್ಬರೂ ಅಂಗಾತ ಮಲಗಿ ಒಳಗೆ ಜಾರಿದರು. ಹೊರಗೆ ನಾಲ್ಕು ಪಾದ ಮಾತ್ರ. ಒಂದೂವರೆ ಗಂಟೆ. ಆಮೇಲೆ ತೊಟ್ಟಿ ತುಂಬ ನೀರು ತುಂಬಿ, ಕೆಳಗೆ ಒಣ ಕಾಗದ ಹಾಸಿ, ಕಾದರು. ಒಂದು ಹನಿ ಬಿದ್ದರೂ ಕಾಣಬೇಕು. ಕಾಯುವಷ್ಟು ಹೊತ್ತು ಕೈ ತೊಳೆದುಕೊಂಡು ಅದರ ಪಕ್ಕದಲ್ಲೇ ಸ್ಟೂಲ್ ಹಾಕಿ ಚಹಾ ಕುಡಿದರು. ನಮಗೂ ಕೊಟ್ಟರು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಅವರಿಗೆ ತಲೆ ಬಾಗಿಸಿ ಹೋದರು.

ಮೈಸೂರಿನಲ್ಲಿ ನಮ್ಮ ಮನೆಯ ಕಕ್ಕಸಿನ ಗುಂಡಿ ಕಟ್ಟಿಕೊಂಡಾಗ ಹಿತ್ತಲ ಬಾಗಿಲಿನಿಂದ ಬರುತ್ತಿದ್ದವರು ನೆನಪಾದರು. ಅವರು ಹೋದ ಮೇಲೆ ಅಜ್ಜಿ ಅವರು ನಡೆದ ದಾರಿಗೆಲ್ಲ ನೀರು ಹಾಕಿಸುತ್ತಿದ್ದರು. ಚೊಂಬಿನಿಂದ ನೀರು ಹುಯ್ಯುವ ಕೆಲಸ ನನ್ನದು. ಅವರಿಗೆ ಯಾರೂ ಚಹಾ ಕೊಟ್ಟಿದ್ದು ನಾನು ನೋಡಿಲ್ಲ. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ನಾಚಿಕೆಯಾಯಿತು.

ಕಾಗದ ಒಣಗಿಯೇ ಇತ್ತು. ಹೊಸಾಕಾ-ಸಾನ್ ಅದನ್ನು ಮಡಚಿ ಪ್ರಸನ್ನನ ಕೈಗೆ ಕೊಟ್ಟು, "ಹೋಗಿ ಬನ್ನಿ" ಅಂದರು. ನಾವು ಮೂವರೂ ಎಷ್ಟು ಸಲ ಅರಿಗಾತೋ ಅಂದೆವೋ ಲೆಕ್ಕವಿಲ್ಲ.

ಮೇ ತಿಂಗಳಲ್ಲಿ ಹೋದೆವು. ಮೊದಲನೇ ದಿನ ಕೆಟ್ಟ ದಿನವೇ ಆಯಿತು. ಪ್ರಸನ್ನ ಟ್ರೈಲರಿಗೆ ಹೋಗುವುದು, ಬರುವುದು, ಇಂಚರ ಹಿಡಿದಿದ್ದ ಹಗ್ಗದ ಇನ್ನೊಂದು ತುದಿ ಹಿಡಿಯುವುದು, ಮತ್ತೆ ಹೋಗುವುದು. ಟೆಂಟ್ ಕಟ್ಟಲು ಎರಡು ಗಂಟೆ ಹಿಡಿಯಿತು. ಸೊಟ್ಟಗಿತ್ತು. ಪಕ್ಕದ ಮನೆಯವರು ಸಹಾಯಕ್ಕೆ ಬಂದರೆ ಇಂಚರ "ನೋ ಅಂಕಲ್, ಡ್ಯಾಡಿ ಈಸ್ ಕಮಿಂಗ್" ಅಂತ ಅವರನ್ನು ವಾಪಸ್ ಕಳಿಸಿದಳು. ಪ್ರಸನ್ನ ಅವತ್ತು ಎಲ್ಲರ ಜೊತೆ ಕೂತು ಚಿತ್ರಾನ್ನ ತಿಂದ. ಯಾಕೆ ಓಡಾಡ್ತಿದೀರಿ ಅಂತ ಯಾರೋ ಕೇಳಿದಾಗ ಕಾಯಿಲೆಯ ಹೆಸರನ್ನೂ ಹೇಳಿದ. ಯಾರ ಮೇಲೂ ಆಕಾಶ ಕಳಚಿ ಬೀಳಲಿಲ್ಲ.

ಇದನ್ನೆಲ್ಲ ಬರೆಯಲಾ ಅಂತ ಅವನನ್ನು ಕೇಳಿದೆ. "ಬರಿ. ಆದ್ರೆ ಹನ್ನೆರಡನ್ನ ಹತ್ತು ಅಂತ ಮಾಡ್ಬೇಡ," ಅಂದ.

ಮದುವೆಯಾದಾಗಿನಿಂದ ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ನಾನು ಅವನಿಗೆ ಒಂದು ಮೆಸೇಜ್ ಕಳಿಸುತ್ತೇನೆ: ಊಟ ಆಯ್ತಾ? ನಾವು ಕನ್ನಡದವರು ಫೋನ್ ಎತ್ತಿದರೂ ಅದೇ, ದಾರಿಯಲ್ಲಿ ಸಿಕ್ಕರೂ ಅದೇ. ಒಳಗೆ ಏನು ಹೋಯಿತು ಅಂತ ಇಷ್ಟು ಅಕ್ಕರೆಯಿಂದ ವಿಚಾರಿಸುವ ನಾವು, ಆಮೇಲೆ ಅದು ಕೊಟ್ಟ ಕಷ್ಟ ಎಷ್ಟು ಅಂತ ಮನೆಯವರನ್ನೇ ಯಾಕೆ ಒಂದು ದಿನವೂ ಕೇಳುವುದಿಲ್ಲ?