ಅರಿಶಿನ ಹತ್ತಿದ ಎಲ್ಡೊರಾಡೊ

ನಮ್ಮವರು ಹೋಗಿ ಹತ್ತು ತಿಂಗಳಾಯಿತು. ಮಾತಾಡಿಸಲು ಬಂದವರು ಕೈ ಹಿಡಿದು ಸುಮ್ಮನೆ ಕೂತಾಗ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಒಂದು ಖಡಕ್ ರೊಟ್ಟಿ. ಟೆಕ್ಸಾಸಿನ ಹೆದ್ದಾರಿಯ ಮೇಲೆ ಅದು ತಟ್ಟೆಯ ಹಾಗೆ ತಿರುಗುತ್ತ ಹಾರಿಹೋಗುತ್ತಿತ್ತು. ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಅಳುತ್ತಿದ್ದೇನೆಂದು ತಿಳಿದು ಅವರು ನನ್ನ ಬೆನ್ನು ಸವರುತ್ತಿದ್ದರು. ಎರಡೂ ನಿಜವೇ ಇತ್ತು. ಹತ್ತನೇ ಇಯತ್ತೆಯವರೆಗೆ ಓದಿದವಳು ನಾನು, ಬರೆದು ರೂಢಿಯಿಲ್ಲ. ಆದರೆ ಆ ರೊಟ್ಟಿಯನ್ನು ಎಲ್ಲಾದರೂ ಇಳಿಸಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೂಸ್ಟನ್ನಿನಲ್ಲಿ ನಮ್ಮದು ಕುಶನ್ ಅಂಗಡಿ. ಹುಬ್ಬಳ್ಳಿಯಲ್ಲಿ ಅವರು ಟ್ಯಾಕ್ಸಿ, ಟೆಂಪೋಗಳ ಸೀಟು ಹೊಲಿಯುತ್ತಿದ್ದರು. ಅವರ ಅಕ್ಕ ಇಲ್ಲಿಗೆ ಕರೆಸಿಕೊಂಡ ಮೇಲೂ ಅದನ್ನೇ ಮಾಡಿದರು. ಸುತ್ತಲಿನ ಕನ್ನಡದವರೆಲ್ಲ ಕಂಪ್ಯೂಟರಿನ ಮುಂದೆ ಕೂತರೆ ನಾವಿಬ್ಬರೂ ಹೊಲಿಗೆ ಮಶೀನಿನ ಮುಂದೆ ಕೂತೆವು. ಅವರು ಅಳೆದು ಕತ್ತರಿಸುವುದು, ನಾನು ಹೊಲಿಯುವುದು. ಕತ್ತರಿ ಆಡುವಾಗ ಅವರ ಬಾಯಿಯೂ ಆಡಲೇಬೇಕು. ಬೇರೆ ಅಂಗಡಿಯಲ್ಲಿ ರೇಡಿಯೋ ಹಾಡುವ ಹಾಗೆ ನಮ್ಮಲ್ಲಿ ಎಲ್ಡೊರಾಡೊ ಪುರಾಣ ನಡೆಯುತ್ತಿತ್ತು.

ಎಲ್ಡೊರಾಡೊ ಎಂದರೆ ಇಲ್ಲಿಯ ದೊಡ್ಡವರ ಕಾರು. ಎರಡೇ ಬಾಗಿಲು, ಮಾರುದ್ದದ ಬಾನೆಟ್ಟು. ಅದರ ವಂಶಾವಳಿ ಅವರಿಗೆ ತಮ್ಮ ಮನೆತನದ್ದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಐವತ್ತಮೂರರಲ್ಲಿ ಹುಟ್ಟಿತು, ಆ ವರ್ಷ ಮಾಡಿದ್ದು ಐನೂರ ಮೂವತ್ತೆರಡೇ ಕಾರು. ಐವತ್ತೊಂಬತ್ತರಲ್ಲಿ ಹಿಂದುಗಡೆ ಮೀನಿನ ರೆಕ್ಕೆಯಂಥ ಎರಡು ರೆಕ್ಕೆ ಎದ್ದು ನಿಂತವು. ಅರವತ್ತೇಳರಲ್ಲಿ ಎಂಜಿನ್ನು ಹಿಂದಿನ ಗಾಲಿ ಬಿಟ್ಟು ಮುಂದಿನ ಗಾಲಿ ತಿರುಗಿಸತೊಡಗಿತು. ಎಪ್ಪತ್ತಾರರಲ್ಲಿ, ಟಾಪು ಮಡಚುವ ಕಾರು ಇನ್ನು ಮಾಡುವುದಿಲ್ಲ, ಇದೇ ಕೊನೆ ಎಂದರು. ಜನ ಮುಗಿಬಿದ್ದು ಕೊಂಡು, ಓಡಿಸದೆ, ಉಪ್ಪಿನಕಾಯಿಯ ಹಾಗೆ ಮುಚ್ಚಿಟ್ಟರು. ಹದಿನಾಲ್ಕು ಸಾವಿರ ಮಾಡಿದ್ದರಲ್ಲಿ ಕಟ್ಟಕಡೆಯ ಇನ್ನೂರು ಒಂದೇ ಅಚ್ಚಿನವು: ಬಿಳಿ ಮೈ, ಬಿಳಿ ಟಾಪು, ಬಿಳಿ ಚರ್ಮದ ಸೀಟು, ಸೀಟಿನ ಅಂಚಿನ ಹೊಲಿಗೆಗುಂಟ ಸಣ್ಣ ಕೆಂಪು ಪಟ್ಟಿಯ ಪೈಪಿಂಗ್.

ಪುರಾಣ ಇಲ್ಲಿಗೆ ಬಂದಾಗ ಅವರು ಕತ್ತರಿ ಕೆಳಗಿಡುತ್ತಿದ್ದರು.

"ಆಮ್ಯಾಲೆ ಏನಾತು ಹೇಳು?"

"ನೂರು ಸಲ ಕೇಳೀನ್ರಿ."

"ನೂರಾ ಒಂದನೇ ಸಲ ಕೇಳು. ಎಂಟು ವರ್ಷ ಬಿಟ್ಟು ಮತ್ತ ಮಾಡಿದ್ರು! ಮುಚ್ಚಿಟ್ಟವ್ರೆಲ್ಲ ಕೋರ್ಟಿಗೆ ಓಡಿದ್ರು!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಆ ಕಾರು ಮಾಡುವುದನ್ನೇ ನಿಲ್ಲಿಸಿದರು. ಕೊನೆಯ ಕಾರುಗಳನ್ನು ಐನೂರ ಮೂವತ್ತೆರಡರ ಗುಂಪು ಮಾಡಿ, ಹುಟ್ಟಿದ ವರ್ಷವನ್ನು ನೆನೆದು ಕಳಿಸಿಕೊಟ್ಟರಂತೆ. ಅವತ್ತು ನಮ್ಮವರು ಊಟ ಅರ್ಧಕ್ಕೆ ಬಿಟ್ಟರು. ಮರುವಾರ ದ ವುಡ್‌ಲ್ಯಾಂಡ್ಸ್ ಎಂಬ ಊರಿನ ಕಡೆಯಿಂದ ಒಂದು ಬಿಳಿ ಎಲ್ಡೊರಾಡೊ ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಎಪ್ಪತ್ತಾರರದ್ದು. ಸೀಟು ಹರಿದು, ಸ್ಪ್ರಿಂಗು ಹೊರಗೆ ಬಂದಿದ್ದವು. ಮಾರಿದ ಮುದುಕಿಯ ಗಂಡ ತೀರಿಹೋಗಿದ್ದರು. ಇದು ಆ ಇನ್ನೂರರಲ್ಲಿ ಒಂದು ಎಂದು ಆತ ಸಾಯುವವರೆಗೂ ಹೇಳುತ್ತಿದ್ದರಂತೆ. ಅದನ್ನು ಹೇಳುವ ತಗಡು ಡ್ಯಾಶ್‌ಬೋರ್ಡಿನಿಂದ ಎಂದೋ ಬಿದ್ದು ಕಳೆದಿತ್ತು.

"ಇನ್ನೂರರಾಗ ಒಂದು ಲೇ! ನಮ್ಮನಿ ಮುಂದ!" ಎಂದರು. ಪರಿಚಯದವರಿಗೆಲ್ಲ ಫೋನ್ ಮಾಡಿದರು. ಅಕ್ಟೋಬರಿನಲ್ಲಿ ಡಲ್ಲಾಸಿನಲ್ಲಿ ಹಳೆ ಕಾರುಗಳ ಮೇಳವಿತ್ತು. ಅಲ್ಲಿ ಕಾರುಗಳನ್ನು ಪರೀಕ್ಷಿಸುವ ಮುದುಕರೊಬ್ಬರು ನೋಡಿ, ಇನ್ನೂರರಲ್ಲಿ ಒಂದು ಹೌದು ಎಂದರೆ ಹೌದು. ನಮ್ಮವರು ಮೇಳಕ್ಕೆ ಹೆಸರು ಕೊಟ್ಟು ಬಂದರು. ಆ ಮಾತು ಕೇಳುವುದೊಂದೇ ಅವರಿಗೆ ಬೇಕಿದ್ದುದು.

ಹಳೆ ಸೀಟು ಬಿಚ್ಚುವ ಕೆಲಸ ನನ್ನದು. ಹಿಂದಿನ ಸೀಟಿನ ಬಿಳಿ ಚರ್ಮ ಎಳೆದಾಗ ಚೌಕಟ್ಟಿನ ಮೂಲೆಯಲ್ಲಿ, ಹಳೆಯ ಸ್ಟೇಪಲ್ಲಿನ ಕೆಳಗೆ, ಬೆರಳಗಲದ ತುಂಡೊಂದು ಉಳಿದಿತ್ತು. ನೀಲಿ ಚರ್ಮ. ಕುಶನ್ ಕೆಲಸದವರಿಗೆ ಅಷ್ಟು ಸಾಕು. ಈ ಕಾರು ಕಾರ್ಖಾನೆಯಿಂದ ಬಂದದ್ದು ನೀಲಿ ಸೀಟಿನೊಂದಿಗೆ. ಬಿಳಿಯದನ್ನು ಆಮೇಲೆ ಯಾರೋ ಹಾಕಿಸಿದ್ದರು. ಇದು ಇನ್ನೂರರಲ್ಲಿ ಒಂದಲ್ಲ.

ಅವರು ಅಂಗಳದಲ್ಲಿ ಬಾನೆಟ್ಟು ಒರೆಸುತ್ತ ಸಿಳ್ಳು ಹಾಕುತ್ತಿದ್ದರು. ನಾನು ಆ ತುಂಡನ್ನು ಗುಂಡಿ ಇಡುವ ಡಬ್ಬಿಗೆ ಹಾಕಿ, ಬಿಳಿ ಚರ್ಮಕ್ಕೆ ಕೆಂಪು ಪೈಪಿಂಗ್ ಹೊಲಿಯಲು ಕೂತೆ. ನಾಲ್ಕು ತಿಂಗಳು ಹೊಲಿದೆ. ಪ್ರತಿ ಗೇಣಿಗೂ ನಾಳೆ ಹೇಳೋಣ ಎಂದುಕೊಂಡೆ.

ಮೇಳಕ್ಕೆ ಐದು ದಿನವಿದ್ದಾಗ ದಸರೆಯ ಖಂಡೇಪೂಜೆ ಬಂತು. ಕತ್ತರಿ, ಸೂಜಿ, ಮಶೀನು, ಕಾರು ಎಲ್ಲಕ್ಕೂ ಪೂಜೆ. ನಿಂಬೆಹಣ್ಣನ್ನು ಯಾವ ಗಾಲಿಗೆ ಇಡುವುದೆಂದು ನಾನು ಕೇಳಿದ್ದೇ ತಪ್ಪಾಯಿತು.

"ಎಳಿಯೂದು ಮುಂದಿನ ಗಾಲಿ. ಶಕ್ತಿ ಎಲ್ಲಿರತೈತೋ ನಿಂಬಿಹಣ್ಣು ಅಲ್ಲಿ! ಅರವತ್ತೇಳರಿಂದ ಹೇಳಾಕತ್ತೀನಿ."

"ಅರವತ್ತೇಳರಾಗ ನೀವು ಚಡ್ಡಿ ಹಾಕಾಕೂ ಕಲ್ತಿರಲಿಲ್ಲ ಬಿಡ್ರಿ."

ಮಶೀನಿಗೆ ಕಲಸಿದ ಅರಿಶಿನ ಬಳಿದು, ಬೂದುಗುಂಬಳಕ್ಕೂ ಬಳಿದು, ಹೂವಿನ ಮಾಲೆಯನ್ನು ಒಳಗಿನ ಕನ್ನಡಿಗೆ ಕಟ್ಟಲು ಕಾರಿನೊಳಗೆ ನುಗ್ಗಿದರು. ಅದನ್ನು ಕಟ್ಟಿ, ಇನ್ನೊಂದು ಮಾಲೆಯನ್ನು ಹಿಂದಿನ ಗಾಜಿಗೆ ಹಾಕಲು ಹಿಂದಿನ ಸೀಟಿಗೆ ದಾಟಿದರು. ದಾಟುವಾಗ ಕಾಲು ಜಾರಿತು. ಆ ಸೀಟಿನ ಬೆನ್ನಿಗೆ ಬಲಗೈ ಊರಿ ನಿಂತುಕೊಂಡರು. ಕೈ ತೆಗೆದಾಗ ಬಿಳಿ ಚರ್ಮದ ನಟ್ಟನಡುವೆ ಐದು ಬೆರಳು, ಒಂದು ಅಂಗೈ, ಹಸಿ ಹಳದಿ.

ನಾವಿಬ್ಬರೂ ಅದನ್ನು ನೋಡಿದೆವು. ಕಾಯಿ ಒಡೆಯುವುದನ್ನು ಮರೆತೆವು.

ಸೋಪು ಹಾಕಿದೆವು. ಗಾಲಿಯ ಕೆಳಗಿನ ನಿಂಬೆಹಣ್ಣನ್ನೇ ತೆಗೆದು ತಿಕ್ಕಿದೆವು. ಅಂಗೈ ಇನ್ನಷ್ಟು ಹೊಳೆಯಿತು. ಅರಿಶಿನದ ಕಲೆಗೆ ಬಿಸಿಲೇ ಮದ್ದು ಎಂದು ಮದುವೆ ಸೀರೆ ಒಗೆದ ಯಾವ ಹೆಂಗಸಿಗಾದರೂ ಗೊತ್ತು. ಆದರೆ ಹೂಸ್ಟನ್ನಿನಲ್ಲಿ ಮೂರು ದಿನ ಮೋಡ. ಶನಿವಾರ ಮಧ್ಯಾಹ್ನ ಬಿಸಿಲು ಬಂತು, ಭಾನುವಾರ ಬೆಳಿಗ್ಗೆ ಮೇಳ.

"ಟಾಪು ತೆಗದು ಹೋಗೂಣು. ದಾರ್ಯಾಗ ಒಣಗತೈತಿ," ಎಂದೆ.

ಅವರು ಮುಗಿಲು ನೋಡಿದರು, ಸೀಟು ನೋಡಿದರು. "ಡಲ್ಲಾಸ್ ಉತ್ತರಕ್ಕೈತಿ. ಸೂರ್ಯ ಹಿಂದ ಬರ್ತಾನ, ಸೀಟಿನ ಬೆನ್ನಿಗೆ ನೆರಳ ಬೀಳತೈತಿ. ಪಶ್ಚಿಮಕ್ಕ ಹೋದ್ರ ಬಿಸಿಲು ಎದುರಿಗೆ."

"ಪಶ್ಚಿಮಕ್ಕ ಆಸ್ಟಿನ್ ಐತ್ರಿ."

"ಆಸ್ಟಿನ್‌ಗೇ ಹೋಗೂಣು ನಡಿ!"

ಹೀಗೆ ನಾವು ಡಲ್ಲಾಸಿಗೆಂದು ಆಸ್ಟಿನ್ನಿನ ದಾರಿ ಹಿಡಿದೆವು, ಒಂದು ಅಂಗೈ ಒಣಗಿಸುವುದಕ್ಕಾಗಿ. ಟಾಪು ಮಡಚಿದ ಕಾರಿನಲ್ಲಿ ನಾನು ಅದೇ ಮೊದಲು ಕೂತದ್ದು. ಗಾಳಿ ಸೆರಗನ್ನು ಎಳೆದುಕೊಂಡು ಹೋಗುತ್ತಿತ್ತು, ತುದಿಯನ್ನು ಸೊಂಟಕ್ಕೆ ಎರಡು ಸುತ್ತು ಬಿಗಿದೆ. ಅವರು ತಲೆಗೆ ಟವೆಲ್ ಕಟ್ಟಿದ್ದರು. ಲಾರಿಯವರು ಹಾರ್ನ್ ಹೊಡೆದು ಕೈ ಬೀಸಿದರು. ನಾನೂ ಬೀಸಿದೆ, ಯಾರೆಂದು ಗೊತ್ತಿಲ್ಲದಿದ್ದರೂ ಎಲ್ಲರಿಗೂ ಬೀಸಿದೆ. ಹಸಿವಾಗಿ ಶೇಂಗಾ ಚಟ್ನಿ ಹಚ್ಚಿದ ಖಡಕ್ ರೊಟ್ಟಿ ಅವರ ಕೈಗೆ ಕೊಟ್ಟೆ. ಬಾಯಿಗೆ ಹೋಗುವ ಮೊದಲೇ ಅದು ಎದ್ದು ಹೊರಟಿತು. ತಿರುಗುತ್ತ, ಚಟ್ನಿ ಉದುರಿಸುತ್ತ ಹೋಗಿ ಹಿಂದಿನ ಪಿಕಪ್ಪಿನ ಗಾಜಿಗೆ ಅಪ್ಪಳಿಸಿ ಪುಡಿಯಾಯಿತು. ಟೋಪಿ ಹಾಕಿದ್ದ ಆ ಮನುಷ್ಯ ವೈಪರ್ ಹಾಕಿದ.

"ಏ, ಮುಂದ ಹೋಗಬ್ಯಾಡ ಅನ್ನು, ಅಂವಗ ಇನ್ನೊಂದು ಕೊಡೂಣು!" ಎಂದರು ನಮ್ಮವರು. ಹೊಟ್ಟೆ ಹಿಡಿದು ನಕ್ಕು, ಕೊನೆಗೆ ಕಾರನ್ನು ರಸ್ತೆ ಬದಿಯ ವಿಶ್ರಾಂತಿ ಜಾಗಕ್ಕೆ ತಿರುಗಿಸಿ, ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿದರು.

ಆ ನಗುವಿನ ನಡುವೆ ನನಗೆ ತಡೆಯಲಾಗಲಿಲ್ಲ. ನಾಳೆ ಅಷ್ಟು ಜನರ ಎದುರು ಆ ಮುದುಕರು ಅಲ್ಲ ಎನ್ನುತ್ತಾರೆ, ಈ ಮುಖ ಇಳಿಯುತ್ತದೆ. ಅದನ್ನು ನಾನು ನಿಂತು ನೋಡಬೇಕು. ಹೊರಡುವಾಗ ಡಬ್ಬಿಯಿಂದ ಪರ್ಸಿಗೆ ಹಾಕಿಕೊಂಡಿದ್ದ ನೀಲಿ ತುಂಡನ್ನು ತೆಗೆದು ಅವರ ತೊಡೆಯ ಮೇಲಿಟ್ಟೆ.

"ಸೀಟು ಬಿಚ್ಚಿದಾಗ ಸಿಕ್ತ್ರಿ. ಇದು ಇನ್ನೂರರಾಗಿಂದಲ್ಲ."

ಅವರು ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು. ಅಂಗಿಯ ಜೇಬಿನಿಂದ ಮಡಚಿದ ಹಳದಿ ಕಾಗದವೊಂದನ್ನು ತೆಗೆದು ನನ್ನ ತೊಡೆಯ ಮೇಲಿಟ್ಟರು. ಯಾವ ಕಾರಿಗೆ ಯಾವ ಸೀಟು, ಯಾವ ಬಣ್ಣ ಎಂದು ಕಾರ್ಖಾನೆಯಲ್ಲಿ ಬರೆಯುತ್ತಿದ್ದ ಹಾಳೆ ಅದು. ಕೆಲಸದವರು ಅದನ್ನು ಎಷ್ಟೋ ಸಲ ಸೀಟಿನ ಸ್ಪ್ರಿಂಗಿಗೇ ಸಿಕ್ಕಿಸಿ ಬಿಟ್ಟಿರುತ್ತಾರೆ. ಸೀಟಿನ ಬಣ್ಣದ ಜಾಗದಲ್ಲಿ ನೀಲಿ ಎಂದಿತ್ತು.

"ಎಲ್ಲಾರಿಗೂ ಫೋನ್ ಮಾಡಿ, ಹೆಸರು ಕೊಟ್ಟ ಮ್ಯಾಲ, ನೀ ಸೀಟು ಬಿಚ್ಚೂ ಮೊದಲ ಸಿಕ್ಕಿತ್ತು," ಎಂದರು. "ಆಮ್ಯಾಲೆ ನೀ ಕೆಂಪು ಪೈಪಿಂಗ್ ಹೊಲಿಯೂ ಮುಂದ ಹಾಡು ಗುನುಗ್ತಿದ್ದಿ. ಹೆಂಗ ಹೇಳ್ಲಿ?"

"ನಿಮಗ ಗೊತ್ತಾಗಬಾರದಂತ ಗುನುಗ್ತಿದ್ನಿರಿ!"

"ನಾ ಸಿಳ್ಳು ಹಾಕಿದ್ದೂ ಅದಕ್ಕ!"

ಪಕ್ಕದ ಕಾರಿನವರು ಇಳಿದು ಬಂದು ನಮಗೆ ಏನಾದರೂ ತೊಂದರೆಯೇ ಎಂದು ಕೇಳಿದರು. ನಗುತ್ತಲೇ ಇಬ್ಬರೂ ಕೈ ಅಲ್ಲಾಡಿಸಿ ಅವರನ್ನು ಕಳಿಸಿದೆವು. ನಾಲ್ಕು ತಿಂಗಳು ಒಂದೇ ಸೂರಿನಡಿ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಸುಸ್ತಾಗಿದ್ದೆವು.

"ಮತ್ತ ನಾಳೆ?" ಎಂದೆ.

"ನಾಳೆ ಹೋಗೂದ. ಖರೇ ಹೇಳೂದ. ಇಷ್ಟು ಬಿಸಿಲು ತಿಂದೇವಿ, ಈಗ ಬಿಡೂದೇನು?"

ಆಸ್ಟಿನ್ನಿನಲ್ಲಿ ಮೈಸೂರಿನ ಕಡೆಯ ಪರಿಚಯದವರ ಮನೆಗೆ ಹೋದಾಗ ನಮ್ಮ ಮುಖಗಳು ಸುಟ್ಟ ಬದನೆಕಾಯಿಯ ಹಾಗಿದ್ದವು. ಆ ಮನೆಯ ಯಜಮಾನರು, "ಅಲ್ಲಾ ಸರ್, ಡಲ್ಲಾಸ್‌ಗೆ ಹೊರಟೋರು ಇಲ್ಲಿಗೆ ಯಾಕೆ ಬಂದ್ರಿ?" ಎಂದು ಕೇಳಿದರು. "ಬಟ್ಟಿ ಒಣಗಿಸಾಕ ಬಂದಿದ್ವಿರಿ," ಎಂದರು ನಮ್ಮವರು. ಆ ಮನೆಯ ಪುಟ್ಟ ಮಗಳು ಹಿಂದಿನ ಸೀಟಿಗೆ ಹತ್ತಿ, "ಅಮ್ಮಾ, ದೇರ್ ಈಸ್ ಎ ಹ್ಯಾಂಡ್!" ಎಂದು ಕೂಗಿ, ಆ ಅಂಗೈಯೊಳಗೆ ತನ್ನ ಕೈ ಇಟ್ಟಳು. ಬಣ್ಣ ಅರ್ಧಕ್ಕರ್ಧ ಇಳಿದಿತ್ತು.

ಮರುದಿನ ಡಲ್ಲಾಸಿನ ಮೈದಾನದಲ್ಲಿ ಹೊಳೆಯುವ ಕಾರುಗಳ ಸಾಲು. ಬಿಳಿ ಗಡ್ಡದ ಆ ಮುದುಕರು ಕೈಯಲ್ಲಿ ಕಾಗದ ಹಿಡಿದು ಬಂದರು. ಸುತ್ತ ಹದಿನೈದಿಪ್ಪತ್ತು ಜನ. ನಮ್ಮ ಕಡೆಯವರೂ ಕ್ಯಾಮೆರಾ ಹಿಡಿದು ನಿಂತಿದ್ದರು. ಇದು ಇನ್ನೂರರಲ್ಲಿ ಒಂದು ಹೌದೋ ಎಂದು ಮುದುಕರು ಕೇಳಿದರು. ನಮ್ಮವರು ಅಂಗಿಯ ಜೇಬಿಗೆ ಕೈ ಹಾಕಿದರು.

"ನೋ ಸರ್," ಎಂದರು. "ಹದಿನಾಲ್ಕು ಸಾವಿರದಲ್ಲಿ ಒಂದು." ಹಾಗೆಂದು ತಮ್ಮ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ ಹೇಳಿ, ಹಳದಿ ಹಾಳೆಯನ್ನೂ ನೀಲಿ ತುಂಡನ್ನೂ ಮುಂದೆ ಹಿಡಿದರು.

ಮುದುಕರು ಎರಡನ್ನೂ ನೋಡಿ ನಮ್ಮನ್ನು ಬೇಲಿಯ ಹತ್ತಿರದ ಮಾಮೂಲಿ ಸಾಲಿಗೆ ಕಳಿಸಿದರು. ಕಳಿಸುವ ಮೊದಲು ಹಿಂದಿನ ಸೀಟಿಗೆ ಬಗ್ಗಿ, ಮಸುಕಾದ ಹಳದಿಯನ್ನು ತೋರಿಸಿ ಇದೇನು ಎಂದರು. ನಮ್ಮವರು ಬಲಗೈ ಎತ್ತಿ ಅಂಗೈ ತೋರಿಸಿದರು. ಉಗುರಿನ ಸಂದಿಯಲ್ಲಿ ಇನ್ನೂ ಅರಿಶಿನವಿತ್ತು. ಮುದುಕರು ಆ ಕೈ ಹಿಡಿದು ಕುಲುಕಿದರು. ಬೇಲಿಯ ಪಕ್ಕದಲ್ಲಿ ನಾವು ಸಂಜೆಯವರೆಗೆ ಕೂತು ಉಳಿದ ರೊಟ್ಟಿ ಹಂಚಿದೆವು. ಅಷ್ಟು ಖುಷಿಯಾಗಿ ಅವರು ಮತ್ತೆ ಯಾವ ಸಾಲಿನಲ್ಲೂ ಕೂತಿರಲಿಲ್ಲ.

ಆಮೇಲೆ ಕಲೆ ಇನ್ನೂ ಇಳಿದು, ಐದು ಬೆರಳಿನ ಮಸುಕು ಹಳದಿಯಷ್ಟೇ ಉಳಿಯಿತು. ಪೂರ್ತಿ ಹೋಗಲಿ ಎಂದು ನಾವೇ ಎಷ್ಟೋ ಭಾನುವಾರ ಟಾಪು ತೆಗೆದು ಬಿಸಿಲಿಗೆ ನಿಲ್ಲಿಸಿದ್ದೆವು. ಆ ಭಾನುವಾರಗಳನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೊನ್ನೆ ಡಲ್ಲಾಸಿನಾಚೆಯ ಪ್ರಾಸ್ಪರ್‌ನಿಂದ ಒಬ್ಬರು ಕಾರು ಕೇಳಿಕೊಂಡು ಬಂದಿದ್ದರು. ಇನ್ನೂರರಲ್ಲಿ ಒಂದಂತೆ, ಹೌದಾ ಆಂಟಿ ಎಂದರು. ಹದಿನಾಲ್ಕು ಸಾವಿರದಲ್ಲಿ ಒಂದು ಎಂದೆ. ಬೆಳಕಿಗೆ ತೆಗೆಯಿರಿ, ನೋಡೋಣ ಎಂದರು. ಕಾರು ಹೊರಗೆ ಬರೂದಿಲ್ಲ, ಮಾರೂದೂ ಇಲ್ಲ ಎಂದೆ. ಅಷ್ಟು ದೂರದಿಂದ ಬಂದವರನ್ನು ಹಾಗೇ ಕಳಿಸಬಾರದೆಂದು ಚಹಾ ಮಾಡಿಕೊಟ್ಟು, ಐವತ್ತಮೂರರಿಂದ ಶುರುಮಾಡಿ ಪೂರ್ತಿ ಪುರಾಣ ಹೇಳಿದೆ. ಕೋರ್ಟಿಗೆ ಓಡಿದರು ಎನ್ನುವಲ್ಲಿಗೆ ಬಂದಾಗ ನಗು ಬಂತು, ಅವರಿಗೂ ಬಂತು.

ಅವರು ಹೋದ ಮೇಲೆ ಗ್ಯಾರೇಜಿನ ಸಣ್ಣ ಕಿಟಕಿಯ ಮೂಲೆಯಿಂದ ಒಂದು ಗೆರೆ ಬಿಸಿಲು ಹಿಂದಿನ ಸೀಟಿನವರೆಗೆ ಬಂದಿರುವುದು ಕಂಡಿತು. ಅಂಗಡಿಯಿಂದ ಕಪ್ಪು ರೆಕ್ಸಿನ್ನಿನ ತುಂಡೊಂದನ್ನು ಅಳೆದು ಕತ್ತರಿಸಿ ತಂದು ಕಿಟಕಿಗೆ ಹೊಡೆದೆ. ಕತ್ತರಿಸುವುದನ್ನೂ ಈಗ ನಾನೇ ಮಾಡುತ್ತೇನೆ.