ದೊಡ್ಡಪ್ಪನ ಬಸ್ಸಿನ ಮುಂದಿನ ಸೀಟು

ಡೀಸೆಲ್ ವಾಸನೆಗೆ ಊದುಬತ್ತಿಯ ಹೊಗೆ ಬೆರೆತರೆ ಇವತ್ತಿಗೂ ನನ್ನ ಎದೆ ಪುಕುಪುಕು ಅನ್ನುತ್ತದೆ. ತಲೆ ನರೆತರೂ, ಬ್ರೇಕು ಸರಿಯಿದೆಯೋ ಇಲ್ಲವೋ ಎಂದು ಚಿಂತಿಸುತ್ತಲೇ ಬಸ್ಸು ಹತ್ತುವವನು ನಾನು. ಬಸ್ಸಿನ ಮಾಲೀಕರ ಮನೆಯಲ್ಲಿ ಬೆಳೆದವನಿಗೆ ಇದು ನಗೆಪಾಟಲು. ತೊಂಬತ್ತರ ದಶಕದಲ್ಲಿ, ರಾವಂದೂರಿನಾಚೆಯ ನಮ್ಮೂರಿನ ಅಂಗಳದಲ್ಲಿ ದೊಡ್ಡಪ್ಪ ದಿನಾ ಬಸ್ಸಿಗೆ ಊದುಬತ್ತಿ ಬೆಳಗುತ್ತಿದ್ದ. ಪಟೇಲರ ಮನೆಯಲ್ಲಿ ಜೀತಕ್ಕಿದ್ದವನು ಲಾರಿ ಕ್ಲೀನರಾಗಿ, ಡ್ರೈವರಾಗಿ, ಹಳೇ ಲಾರಿಯೊಂದರ ಒಡೆಯನಾಗಿ, ಕೊನೆಗೆ ನಮ್ಮೂರಿನಿಂದ ಪಿರಿಯಾಪಟ್ಟಣಕ್ಕೆ ಮೊದಲ ಬಸ್ಸು ಬಿಟ್ಟ. ಆಮೇಲೆ ಒಂದು ನಾಲ್ಕಾಯಿತು.

ಅದಕ್ಕೂ ಮುಂಚೆ ಆ ದಾರಿಯ ಟೆಂಪೋಗಳಲ್ಲೆಲ್ಲ ಒಂದು ಕಟ್ಟಳೆಯಿತ್ತು. ಡ್ರೈವರನ ಹಿಂದಿನ ಸೀಟು ಪಟೇಲರದು. ಅವರು ಬರಲಿ ಬಿಡಲಿ, ಖಾಲಿಯಿರಬೇಕು. ದೊಡ್ಡಪ್ಪನ ಬಸ್ಸು ಹೊರಟ ಮೊದಲ ದಿನ ಅಜ್ಜಿ, ಅಂದರೆ ಅವನ ತಾಯಿ, ಪಟೇಲರ ಹಟ್ಟಿಯ ಸಗಣಿ ಬಾಚಿ ಬಾಚಿ ಬೆನ್ನು ಬಾಗಿದವಳು, ಸೀಟುಗಳೆಲ್ಲ ಖಾಲಿಯಿದ್ದರೂ ಬಾಗಿಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ದೊಡ್ಡಪ್ಪ ಅವಳ ರಟ್ಟೆ ಹಿಡಿದೆಬ್ಬಿಸಿ ಆ ಸೀಟಿಗೇ ಕೂರಿಸಿದ. ಮೇಲಿನ ಬೀದಿಯಲ್ಲಿ ಬಸ್ಸು ನಿಂತಾಗ ಪಟೇಲರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಒಳಗೆ ನೋಡಿದರು.

"ಏನ್ಲಾ, ಬಸ್ ತಂದ್ಬುಟ್ರೆ ಮರ್ವಾದೆ ಮರ್ತೋಯ್ತದಾ? ಎಬ್ಸು ನಿಮ್ಮವ್ವನ್ನ."

ಅಜ್ಜಿ ಏಳಹೊರಟಳು. ದೊಡ್ಡಪ್ಪ ಅವಳ ಹೆಗಲ ಮೇಲೆ ಕೈಯಿಟ್ಟ.

"ಹಿಂದ್ಗಡೆ ಸೀಟ್ ಅವೆ ಬುದ್ಧಿ. ಬರಂಗಿದ್ರೆ ಬನ್ನಿ, ಇಲ್ದಿದ್ರೆ ರೈಟ್ ಯೋಳ್ತೀನಿ."

ಬಸ್ಸಿಗೆ ಕಲ್ಲು ಬೀಳುತ್ತದೋ, ದೊಡ್ಡಪ್ಪನಿಗೆ ಏಟು ಬೀಳುತ್ತದೋ, ಅಷ್ಟರೊಳಗೆ ನನ್ನ ಚಡ್ಡಿ ಒದ್ದೆಯಾಗುತ್ತದೋ ಎಂದು ಎಣಿಸುತ್ತಾ, ಹುಡುಗನಾದ ನಾನು ಅಜ್ಜಿಯ ಹಿಂದಿನ ಸೀಟಿನಲ್ಲಿ ಕಂಬಿ ಹಿಡಿದು ಕೂತಿದ್ದೆ. ಪಟೇಲರು ಕಾಲು ತೆಗೆದರು. ಮೇಲಿನ ಬೀದಿಯವರು ಆ ಬೇಸಿಗೆಯುದ್ದಕ್ಕೂ ನಮ್ಮ ಬಸ್ಸಿನ ಧೂಳು ಕುಡಿಯುತ್ತಾ ನಡೆದರು. ಮಳೆ ಹಿಡಿದ ಮೇಲೆ ಒಬ್ಬೊಬ್ಬರಾಗಿ ಹತ್ತಿದರು.

ಈಗ ನಮ್ಮ ಆ ಮನೆಯಿಲ್ಲ, ದೊಡ್ಡಪ್ಪನಿಲ್ಲ, ಬಸ್ಸುಗಳು ಗುಜರಿ ಸೇರಿದವು. ಊರಲ್ಲಿ ಹೊಸ ತಂಗುದಾಣ ಕಟ್ಟಿ, ಊರಿಗೆ ಬಸ್ಸು ತಂದವರೆಂದು ಪಟೇಲರ ಹೆಸರು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಕೇಳಿದ್ದಕ್ಕೆ ಕಟ್ಟಿಸಿದವರಲ್ಲೊಬ್ಬ, "ಅವ್ರು ಒಪ್ಪಿದ್ಕೆ ತಾನೆ ನಿಮ್ ದೊಡ್ಡಪ್ಪ ಬಸ್ ಬುಟ್ಟಿದ್ದು?" ಎಂದ. ಒಪ್ಪಿದರಂತೆ. ಬೀಪಿ ಮಾತ್ರೆ ನುಂಗಿ ಹೋಗಿದ್ದರಿಂದ ಬದುಕಿದೆ. ಆ ಕಲ್ಲನ್ನು ಓದಿ ಬೆಳೆಯುವ ಮಕ್ಕಳಿಗೆ ಯಾರು ಏನು ಹೇಳುತ್ತಾರೆ?

ಆ ಮೊದಲ ದಿನ ಅಜ್ಜಿ ಹೊರಟಿದ್ದು ರಾವಂದೂರಿನ ಮಗಳ ಮನೆಗೆ. ರಾವಂದೂರು ಬಂತು, ಅವಳು ಇಳಿಯಲಿಲ್ಲ. ಪಿರಿಯಾಪಟ್ಟಣದಲ್ಲಿ ಎಲ್ಲರೂ ಇಳಿದು ಬಸ್ಸು ಬರಿದಾದ ಮೇಲೆ, ಕಾಫಿಗಾದರೂ ಇಳಿ ಬಾ ಎಂದು ದೊಡ್ಡಪ್ಪ ಕರೆದ. ಅವಳು ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು:

"ಇರ್ಲಾ ಮಗಾ, ಇನ್ನೊಸಿ ವೊತ್ತು ಕುಂತಿರ್ತೀನಿ."