ಅಕ್ಕನ ಹೆಸರಿನ ಮುಳ್ಳು

ಮಕ್ಕಳೇ, ಹೋದ ವಾರ ನಮ್ಮ ಹಿತ್ತಲ ಬೇಲಿ ಕಟ್ಟಲು ಬಂದವನಿಗೆ ನೀವು ಒಂದು ಮಾತು ಅಂದಿರಿ. "ಕಾಕಾ, ಕೇಳಿ ಮುಚ್ಚರಿ ಮತ್ತ. ನಿಮ್ಮಪ್ಪನಂಗ ಮಾಡಬ್ಯಾಡ್ರಿ" ಎಂದು ನಕ್ಕಿರಿ. ಆತನೂ ನಕ್ಕ. ಓಣಿಯವರೆಲ್ಲ ಆತನಿಗೆ ಹಾಗೇ ಅನ್ನುತ್ತಾರೆ. ನಿಮ್ಮ ಕಿವಿಗೂ ಬಿದ್ದಿದೆ, ಬಾಯಿಗೂ ಬಂದಿದೆ. ಅದರಲ್ಲಿ ನಿಮ್ಮ ತಪ್ಪಿಲ್ಲ. ನಾನು ಒಳಗೆ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಮೊರ ಕೆಳಗಿಟ್ಟವಳು ಎಷ್ಟೋ ಹೊತ್ತು ಅದನ್ನು ಎತ್ತಿಕೊಳ್ಳಲಿಲ್ಲ. ಆ ಮಾತು ಹುಟ್ಟಿದ್ದು ನನ್ನಿಂದ. ಅದನ್ನು ಬರೆದಿಡುತ್ತೇನೆ. ನಾನು ಕಲಿತದ್ದು ಮಸಗುಪ್ಪಿಯ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಮಾತ್ರ. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿರಿ, ಸಂಗತಿಯನ್ನು ತಿದ್ದಬೇಡಿರಿ.

ನಿಮ್ಮ ಅಜ್ಜ ತೀರಿಕೊಂಡ ಮರು ವರ್ಷ. ನಿಮ್ಮ ಅವ್ವ ಆಗಷ್ಟೇ ಗೋಡೆ ಹಿಡಿದು ನಡೆಯುತ್ತಿದ್ದಳು. ನಮ್ಮ ಅತ್ತೆ ಮೊಣಕಾಲು ಹಿಡಿದು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಇಷ್ಟು ದೊಡ್ಡ ಕೌಜಲಗಿಯಲ್ಲಿ ನನಗೆ ಮಾತಾಡಲು ಇದ್ದವಳು ಒಬ್ಬಳೇ, ಬಾಜೂ ಮನೆಯವಳು. ನನಗಿಂತ ಹತ್ತು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಎರಡೂ ಮನೆಗಳ ಹಿತ್ತಲ ನಡುವೆ ಮುಳ್ಳಿನ ಬೇಲಿ ಇತ್ತು. ಬೇಲಿಯಲ್ಲಿ ಒಬ್ಬ ಹೆಂಗಸು ಸೆರಗು ಬಿಗಿ ಹಿಡಿದು ಅಡ್ಡ ಸರಿದು ದಾಟುವಷ್ಟು ಜಾಗ ಬಿಟ್ಟಿದ್ದರು. ಅದಕ್ಕೆ ಕಂಡಿ ಎನ್ನುತ್ತಿದ್ದೆವು. ಅಕ್ಕ ದಿನಾ ಮುಂಜಾನೆ ಆ ಕಂಡಿಯಿಂದ ಮಜ್ಜಿಗೆಯ ತಂಬಿಗೆ ಹಿಡಿದು ಬರುತ್ತಿದ್ದಳು. ಒಲೆ ಹೊತ್ತಿಲ್ಲದಿದ್ದರೆ ತಾನೇ ಹೊತ್ತಿಸುತ್ತಿದ್ದಳು. ನಾನು ಅತ್ತದ್ದು ಮುಖದಲ್ಲಿ ಕಂಡರೂ ಏನೂ ಕೇಳದೆ ನಿಮ್ಮ ಅವ್ವನನ್ನು ಎತ್ತಿಕೊಂಡು ಆಚೆ ಹೋಗುತ್ತಿದ್ದಳು.

ಆ ವರ್ಷ ಅಕ್ಕನ ತಮ್ಮ ಹೊಲ ನೋಡಿಕೊಳ್ಳಲು ಅವರ ಮನೆಗೆ ಬಂದು ನಿಂತ. ಆತನ ಮುಖವನ್ನು ನಾನು ಸರಿಯಾಗಿ ಕಂಡವಳೂ ಅಲ್ಲ. ಒಂದು ದಿನ ಬಾವಿಯಲ್ಲಿ ಹಗ್ಗ ಇಳಿಬಿಟ್ಟಿದ್ದೆ. ಹಿಂದೆ ನಿಂತವಳೊಬ್ಬಳು ಇನ್ನೊಬ್ಬಳಿಗೆ, ನನಗೆ ಕೇಳಲೆಂದೇ, "ಆ ಹಿತ್ತಲ ಕಂಡಿ ದೊಡ್ಡದಾಗಾಕತ್ತೈತಿ ನೋಡವಾ" ಎಂದಳು. ಇಬ್ಬರೂ ನಕ್ಕರು. ಅರ್ಧ ಕೊಡ ನೀರಿನೊಡನೆ ಮನೆಗೆ ಬಂದೆ. ಅಕ್ಕನಿಗೆ ಹೇಳಿದ್ದರೆ ಆಕೆ ಆ ಇಬ್ಬರ ಮನೆಗೂ ಹೋಗಿ ಜಳಕ ಮಾಡಿಸಿದ ಹಾಗೆ ಬೈದು ಬರುತ್ತಿದ್ದಳು. ನಾನು ಹೇಳಲಿಲ್ಲ. ಹೇಳಬೇಕಾದರೆ ಆ ಮಾತನ್ನು ನನ್ನ ಬಾಯಿಂದಲೇ ಆಡಬೇಕಾಗಿತ್ತು. ನನಗೆ ಅದು ಆಗಲಿಲ್ಲ.

ಬೇಲಿಯ ಗೂಟಗಳಿಗೆ ಗೆದ್ದಲು ಹತ್ತಿತ್ತು. ಆಡುಗಳು ನುಗ್ಗಿ ಬದನೆ ಗಿಡ ತಿಂದಿದ್ದವು. ಅತ್ತೆ ಹಾಸಿಗೆಯಿಂದಲೇ ಬೇಲಿಯವನಿಗೆ ಹೇಳಿ ಕಳಿಸಿದರು. ನಮ್ಮ ಓಣಿಯ ಬೇಲಿಗಳನ್ನೆಲ್ಲ ಗುತ್ತಿಗೆ ಹಿಡಿದು ಕಟ್ಟುತ್ತಿದ್ದವನು ಆತ, ನಿಮ್ಮ ಈ ಕಾಕಾನ ತಂದೆ. ಎತ್ತರದ ಮನುಷ್ಯ, ಮುಂಗೈ ತುಂಬ ಮುಳ್ಳು ಗೀರಿದ ಬಿಳಿ ಗೆರೆಗಳು. ಆತ ಬೇಲಿಯ ಉದ್ದಕ್ಕೂ ನಡೆದು, ಗೂಟಗಳನ್ನು ಅಲುಗಾಡಿಸಿ ನೋಡಿ, ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ನಿಂತು ಮಾತಾಡಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಗೂಟ ಎಲ್ಲ ಹೊಸವು ಬೇಕು, ಕೆಳಗೆ ಜಾಲಿಯ ಮುಳ್ಳು, ಮೇಲೆ ಬಾರಿಹಣ್ಣಿನ ಗಿಡದ ಮುಳ್ಳು, ಬಾರಿಯ ಕೊಕ್ಕೆಗೆ ಆಡು ಅಂಜುತ್ತದೆ, ಕಟ್ಟಲು ಪುಂಡಿ ನಾರು ನೀವು ಕೊಡಿರಿ, ರಾಶಿಯಾದ ಮೇಲೆ ಜೋಳ ಒಯ್ಯುತ್ತೇನೆ ಎಂದ. ಎಲ್ಲದಕ್ಕೂ ನಾನು ಹೂಂ ಎಂದೆ. ಗಂಡ ಸತ್ತ ಮೇಲೆ ನಾನೇ ನಿಂತು ಗೊತ್ತು ಮಾಡಿದ ಮೊದಲನೆಯ ಕೆಲಸ ಅದು.

ಈಗ ಒಂದು ಪದ್ಧತಿ ಹೇಳಬೇಕು. ನೀವು ಅದನ್ನು ಕಂಡಿಲ್ಲ. ಎರಡು ಮನೆಗಳ ನಡುವಿನ ಕಂಡಿ ಹೆಂಗಸರದು. ಅದಕ್ಕೆ ಗಂಡಸರನ್ನು ಕೇಳುತ್ತಿರಲಿಲ್ಲ. ಅದನ್ನು ಮುಚ್ಚಬೇಕಾದರೆ ಎರಡೂ ಮನೆಯ ಹೆಂಗಸರು ಬಂದು ತಲಾ ಒಂದು ಮುಳ್ಳಿನ ಟೊಂಗೆಯನ್ನು ತಮ್ಮ ಕೈಯಿಂದ ಅಲ್ಲಿ ಇಡಬೇಕು. ಆಮೇಲೆ ಬೇಲಿಯವನು ಉಳಿದದ್ದನ್ನು ಒತ್ತಿ ಕಟ್ಟುತ್ತಿದ್ದ. ಮುಂದೆ ಜಗಳವಾದರೆ ಬೇಲಿಯವನೇ ಸಾಕ್ಷಿ. ಗೇಣು ಜಾಗಕ್ಕೆ ಮನೆಮನೆಗಳ ನಡುವೆ ಮಾತು ಬೆಳೆದಾಗ ಹಿರಿಯರು ಕರೆಸುತ್ತಿದ್ದದ್ದು ಆತನನ್ನು. ಗೂಟ ಎಲ್ಲಿತ್ತು, ಯಾರ ಮುಳ್ಳು ಇತ್ತು ಎಂದು ಆತ ಹೇಳಿದರೆ ಅಲ್ಲಿಗೆ ಮುಗಿಯುತ್ತಿತ್ತು. ಆತನ ಕಸುಬು ನಿಂತದ್ದೇ ಆ ಮಾತಿನ ಮೇಲೆ.

ಬೇಲಿಯ ಕೆಲಸ ನಡೆದಾಗ ಅಕ್ಕ ಅಂಕಲಗಿಗೆ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ನಾನು ಆ ದಿನಗಳನ್ನೇ ನೋಡಿ ಬೇಲಿಯವನಿಗೆ ಹೇಳಿ ಕಳಿಸಲಿಕ್ಕೆ ಅತ್ತೆಗೆ ಅವಸರ ಮಾಡಿದ್ದೆ. ಇದನ್ನೂ ಬರೆಯುತ್ತೇನೆ.

ಮೂರನೆಯ ದಿನ ಆತ ಕಂಡಿಯ ಹತ್ತಿರ ಬಂದ. ಎಷ್ಟು ಅಗಲ ಬಿಡಲಿ ಎಂದು ಕೇಳಿದ. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಸೆರಗು ಮುಂದೆ ಎಳೆದುಕೊಂಡು, ನೆಲ ನೋಡುತ್ತ, "ಮುಚ್ಚರಿ" ಎಂದೆ.

ಆತ ಕೈಯಲ್ಲಿದ್ದ ಕವೆಗೋಲನ್ನು ಕೆಳಗಿಟ್ಟ. "ಆ ಮನಿ ಅವ್ವಾರ ಊರಾಗಿಲ್ಲಲ್ರಿ?"

"ಹೇಳಿ ಹೋಗ್ಯಾಳ. ನನ್ನ ಹೆಸರೀಲೆ ನೀನ ಇಡು ಅಂದಾಳ."

ಅಷ್ಟು ಉದ್ದದ ಮಾತನ್ನು ನಾನು ಆವರೆಗೆ ಪರಗಂಡಸಿನ ಮುಂದೆ ಆಡಿರಲಿಲ್ಲ. ಮಾತೇ ಆಡದವಳು ಹೊರಗೆ ಬಂದು ಹೇಳುತ್ತಾಳೆಂದರೆ ಅದು ಖರೆಯೇ ಇರಬೇಕೆಂದು ಆತ ನಂಬಿದ. ನನ್ನ ನಾಚಿಕೆಯೇ ನನ್ನ ಸುಳ್ಳಿಗೆ ಜಾಮೀನು ನಿಂತಿತು. ನಾನು ಒಂದು ಟೊಂಗೆ ಇಟ್ಟೆ. ಆಮೇಲೆ ಬಗ್ಗಿ ಇನ್ನೊಂದನ್ನು ಎತ್ತಿ, ಅಕ್ಕನ ಹೆಸರಿನದೆಂದು ಅದನ್ನೂ ಇಟ್ಟೆ. ಅದು ಬಾರಿಯ ಟೊಂಗೆ, ಸೆರಗನ್ನು ಹಿಡಿದುಕೊಂಡಿತು. ಬಿಡಿಸಿಕೊಳ್ಳಲಿಕ್ಕೆ ಹೊತ್ತು ಹಿಡಿಯಿತು. ಆತ ಅಲ್ಲಿಯವರೆಗೂ ಬೇರೆ ಕಡೆ ನೋಡುತ್ತ ನಿಂತಿದ್ದ.

ಹದಿನೈದು ದಿನಕ್ಕೆ ಅಕ್ಕ ಮರಳಿ ಬಂದಳು. ಮರುದಿನ ಮುಂಜಾನೆ ಆಕೆಯ ಬಳೆಗಳ ಸಪ್ಪಳ ಬೇಲಿಯವರೆಗೆ ಬಂದು ನಿಂತಿತು. ಆಕೆ ನನ್ನನ್ನು ಕೂಗಲಿಲ್ಲ. ಬೇಲಿಯವನನ್ನು ಕರೆಸಿದಳು. ಆತ ನಮ್ಮ ಹಿತ್ತಲಲ್ಲಿ ನಿಂತ, ಆಕೆ ತನ್ನ ಹಿತ್ತಲಲ್ಲಿ, ನಾನು ಬಾಗಿಲ ಹಿಂದೆ. ಸಪ್ಪಳ ಕೇಳಿ ಆಚೀಚೆ ಮನೆಗಳ ಹೆಂಗಸರೂ ತಮ್ಮ ತಮ್ಮ ಬೇಲಿಗೆ ಬಂದರು.

"ಎರಡೂ ಮನಿ ಮುಳ್ಳ ಬಿದ್ದ ಮ್ಯಾಲ ಕಟ್ಟಾವ ನೀನು. ನನ್ನ ಮುಳ್ಳ ಯಾರ ಇಟ್ರು?" ಎಂದು ಅಕ್ಕ ಕೇಳಿದಳು.

ಆತ ತಿರುಗಿ ನಮ್ಮ ಬಾಗಿಲ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ನನ್ನ ಸೀರೆಯ ಅಂಚು ಆತನಿಗೆ ಕಾಣುತ್ತಿತ್ತು. ನನಗೆ ಆತನ ಕಣ್ಣುಗಳೂ ಕಂಡವು. ನಾನು ಬಂದು ಹೇಳಲಿ ಎಂದು ಆತ ಕಾದ. ಒಂದು ಹೆಜ್ಜೆ ಇಟ್ಟರೆ ಸಾಕಾಗಿತ್ತು. ನಾನು ಚಿಲಕ ಹಿಡಿದು ನಿಂತೆ.

"ಮರತೆರಿ ಅವ್ವಾರ. ಕೇಳೂದ ಬಿಟ್ಟು ಕಟ್ಟಿದೆ" ಎಂದ. ಈಗಲೇ ಬಿಚ್ಚಿ ಕೊಡುತ್ತೇನೆ ಎಂದೂ ಅಂದ.

ಅಕ್ಕ, "ಇರಲಿ ಬಿಡು. ಬಿಚ್ಚಬ್ಯಾಡ" ಎಂದಳು. ಆ ಮಾತು ಆತನಿಗೆ ಹೇಳಿದ್ದೋ ನಮ್ಮ ಬಾಗಿಲಿಗೆ ಹೇಳಿದ್ದೋ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

ಅಂದು ಸಂಜೆ ಆಕೆ ಓಣಿಯನ್ನು ಸುತ್ತಿ ಮುಂಬಾಗಿಲಿನಿಂದ ಬಂದಳು. ಬೀಗರ ಮನೆಗೆ ಬಂದವರಂತೆ ಪಡಸಾಲೆಯಲ್ಲಿ ಕುಳಿತು, ಅತ್ತೆಯ ಮೊಣಕಾಲು ವಿಚಾರಿಸಿ, ಹೋದಳು. ಒಲೆಯ ಕಡೆ ಬರಲಿಲ್ಲ. ಆಮೇಲೆ ಹಬ್ಬಕ್ಕೊಮ್ಮೆ ಬರುವಂತಾಯಿತು.

ಬೇಲಿಯವನ ಕಥೆ ಬೇರೆ. ಕೇಳದೆ ಕಂಡಿ ಮುಚ್ಚಿದ ಎಂಬುದು ಬಾವಿಗೆ ಹೋಯಿತು, ಬಾವಿಯಿಂದ ಊರಿಗೆ ಹೋಯಿತು. ಮುಂದಿನ ಬೇಸಿಗೆಗೆ ಓಣಿಯ ನಾಲ್ಕಾರು ಮನೆಯವರು ಬೇರೆ ಊರಿನವನನ್ನು ಕರೆಸಿದರು. ಗಡಿಯ ಜಗಳಕ್ಕೆ ಹಿರಿಯರು ಆತನನ್ನು ಕರೆಯುವುದನ್ನು ಬಿಟ್ಟರು. ಪಂಚಮಿಗೆ ತವರಿಗೆ ಹೋದಾಗ ನಮ್ಮ ಅಣ್ಣ ಹೇಳಿದ, "ನಿಮ್ಮೂರ ಬೇಲಿಯಾಂವ ನಮ್ಮ ಕಡೆ ಹೊಲಕ್ಕ ಮುಳ್ಳ ಹೊರಾಕತ್ತಾನ. ಕೂಲೀಗೆ." ಗುತ್ತಿಗೆ ಹಿಡಿಯುತ್ತಿದ್ದವನು ಇನ್ನೊಬ್ಬರ ಕೈಕೆಳಗೆ ಮುಳ್ಳು ಹೊರುತ್ತಿದ್ದ. ಅಣ್ಣನ ಮುಂದೆ ಹೋಳಿಗೆ ಬಡಿಸಿ ಒಳಗೆ ಹೋದೆ.

ಅಕ್ಕನಿಗಾದರೂ ಹೇಳಿದೆನೇ? ಇಲ್ಲ. ಸಾಯುವ ಮುಂದೆ ಆಕೆ ಹಾಸಿಗೆ ಹಿಡಿದಾಗ ದಿನಾ ಹೋಗಿ ಕಾಲ ಹತ್ತಿರ ಕುಳಿತೆ. ದಿನಾ ಹೇಳಬೇಕೆಂದು ಹೋದೆ, ದಿನಾ ಮಳೆಯ ಮಾತು, ಎಮ್ಮೆಯ ಮಾತು ಆಡಿ ಬಂದೆ. ಒಂದು ದಿನ ಆಕೆ, "ಕಂಡಿ ಇದ್ದಿದ್ರ ಲಗೂ ಬರತಿದ್ದಿ" ಎಂದು ಕಣ್ಣು ಮುಚ್ಚಿಕೊಂಡಳು.

ಹೋದ ವಾರ ನೀವು ಸಾಲೆಗೆ ಹೋದ ಮೇಲೆ ನಾನು ಹಿತ್ತಲಿಗೆ ಹೋದೆ. ಕಾಕಾ ಗೂಟಕ್ಕೆ ನಾರು ಬಿಗಿಯುತ್ತಿದ್ದ. ನಾನು, "ತಮ್ಮಾ, ನಿಮ್ಮಪ್ಪ ಕೇಳಿದ್ದ. ನಾನ ಸುಳ್ಳ ಹೇಳಿದೆ" ಎಂದೆ. ಮೂವತ್ತು ವರ್ಷ ಬಾಯಲ್ಲಿ ಇಟ್ಟುಕೊಂಡ ಮಾತು, ಆಡಿದರೆ ಇಷ್ಟೇ ಇತ್ತು.

ಆತ ಗಂಟು ಹಾಕಿ ಮುಗಿಸಿದ. "ಗೊತ್ತೈತ್ರಿ ಆಯಿ. ಅಪ್ಪ ಸಾಯೂ ಮುಂದ ಹೇಳಿದ್ದ. ಆಕಿ ಹೊರಗ ಬಂದಿದ್ರ ಊರ ಬಾಯಿ ಆಕೀನ್ನ ನುಂಗತಿತ್ತು, ನಂದೇನು ಬರೇ ಬೇಲಿ, ಅಂದಿದ್ದ."

"ಹಂಗಾದ್ರ ಮಂದಿ ಅಂದಾಗ ನೀ ಯಾಕ ಸುಮ್ಮನಿರತಿ?"

"ಯಾರ ಮುಂದೂ ಹೇಳಬ್ಯಾಡ ಅಂದಿದ್ದ ನಮ್ಮಪ್ಪ" ಎಂದು ಆತ ಮತ್ತೆ ಬಗ್ಗಿದ. ಸ್ವಲ್ಪ ಹೊತ್ತಿಗೆ, ಬೇಲಿಯ ಕಡೆಯೇ ಮುಖ ಮಾಡಿ, "ನೀವ ಹೇಳಬಹುದ್ರಿ. ನಿಮಗ ಬ್ಯಾಡ ಅಂದಿಲ್ಲ" ಎಂದ.

ಮರುದಿನ, ಹೇಳಬೇಕೆಂದೇ, ನಾನೇ ನೀರಿಗೆ ಹೋದೆ. ನಿಮ್ಮ ಅವ್ವ ಬೇಡವೆಂದರೂ ಕೇಳಲಿಲ್ಲ. ಬಾವಿಯ ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಕೊಡ ತುಂಬಿತು. ನಾನು ಅದನ್ನು ಎತ್ತಿಕೊಂಡು ಬಂದೆ. ಅದರ ಮರುದಿನವೂ ಹಾಗೇ ಆಯಿತು.

ಅದಕ್ಕೇ ಬರೆಯಲು ಕುಳಿತೆ. ಆತನಿಗೆ ಇನ್ನು ನೀವು ಆ ಮಾತು ಅನ್ನಬೇಡಿರಿ. ಬೇರೆಯವರು ಅಂದರೆ ಇದನ್ನು ತೆಗೆದುಕೊಂಡು ಹೋಗಿ, ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತು, ಸಾಲೆಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿರಿ. ನಾನು ಒಳಗೆ ಇರುತ್ತೇನೆ. ಯಾರಾದರೂ ನಂಬದೆ ಇದು ಖರೆಯೇ ಎಂದು ಕೇಳಿದರೆ ನನ್ನನ್ನು ಕೂಗಿರಿ. ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ.